ಹರಾಜಿಗೆ ಬಂದಿರುವ ಹಳೆಯ ಮಹಾಗನಿ ಡೆಸ್ಕ್: ಕೂಗುವ ಮುಂಚೆ ಏನೇನು ನೋಡಬೇಕು?

ಬರೆವಮೇಜು
ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿದ್ದೇನೆ, ಮನೆಯಿಂದಲೇ ಕೆಲಸ. ಅಲುಗಾಡುವ ಮೇಜಿನ ಮೇಲೆ ಬರೆದು ಬರೆದು ಸಾಕಾಗಿದೆ. ನಮ್ಮೂರಿನ ಹರಾಜಿಗೆ ಒಂದು ಪೆಡೆಸ್ಟಲ್ ಡೆಸ್ಕ್ ಬಂದಿದೆ. ಎರಡು ಪಕ್ಕದಲ್ಲೂ ಡ್ರಾಯರ್, ನಡುವೆ ಕಾಲು ಚಾಚಲು ಜಾಗ, ಮೇಲೆ ಹಸಿರು ಚರ್ಮ. ಪಟ್ಟಿಯಲ್ಲಿ "ಮೂರನೇ ಜಾರ್ಜ್ ಶೈಲಿಯ ಮಹಾಗನಿ ಡೆಸ್ಕ್" ಅಂತ ಬರೆದಿದ್ದಾರೆ, ಅಂದಾಜು 400ರಿಂದ 600 ಪೌಂಡ್. ಫೋಟೋ ನೋಡಿದಾಗಿನಿಂದ ಬೇರೆ ಯಾವುದೂ ಕಣ್ಣಿಗೆ ಹಿಡಿಸುತ್ತಿಲ್ಲ.

ಎರಡು ಅನುಮಾನ ಇದೆ. ಚರ್ಮ ಹೊಸದು ಅಂತ ಎದ್ದು ಕಾಣುತ್ತದೆ, ಅದರಿಂದ ಬೆಲೆ ಕಡಿಮೆ ಆಗಬೇಕಲ್ವಾ? ಮತ್ತೆ ಇದು ನಿಜವಾಗಿ 1780ರ ಆಸುಪಾಸಿನದಾ? ಗುರುವಾರ ಹೋಗಿ ಮುಟ್ಟಿ ನೋಡಬಹುದು. ಏನು ನೋಡಲಿ?

ಉಳಿಸುತ್ತಿಗೆ
ಮೊದಲು ಆ "ಶೈಲಿಯ" ಅನ್ನೋ ಪದ ನೋಡಿ. ಹರಾಜಿನವರು "ಮೂರನೇ ಜಾರ್ಜ್" ಅಂತಷ್ಟೇ ಬರೆದರೆ ಅದು ಆ ರಾಜ ಆಳಿದ ಕಾಲದಲ್ಲಿ, ಅಂದರೆ 1760ರಿಂದ 1820ರ ಒಳಗೆ ಮಾಡಿದ್ದು ಅಂತ ಅವರ ಅಭಿಪ್ರಾಯ. "ಶೈಲಿಯ" ಅಂತ ಸೇರಿಸಿದರೆ ರೂಪ ಮಾತ್ರ ಆ ಕಾಲದ್ದು, ಮಾಡಿದ್ದು ಆಮೇಲೆ. ವಿಕ್ಟೋರಿಯಾ ಕಾಲದ ಕೊನೆಯಲ್ಲಿ, ಎಡ್ವರ್ಡ್ ಕಾಲದಲ್ಲಿ, ಅಂದರೆ 1900ರ ಆಸುಪಾಸಿನಲ್ಲಿ, ಇಂಥವನ್ನು ತುಂಬಾ ಮಾಡಿದರು. ಅವುಗಳಲ್ಲೂ ಒಳ್ಳೆಯ ಕೆಲಸ ಇದೆ. ಆದರೆ 1780ರ ಮೇಜಿನ ಬೆಲೆ ಅದಕ್ಕೆ ಕೊಡಬಾರದು.

ಚರ್ಮದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಶಾಯಿ ಚೆಲ್ಲುತ್ತದೆ, ಮೊಣಕೈ ಉಜ್ಜುತ್ತದೆ, ನೂರು ವರ್ಷದಲ್ಲಿ ಚರ್ಮ ಸವೆದೇ ಸವೆಯುತ್ತದೆ. ಹೊಸದು ಹಾಕಿಸುವುದು ಈ ವ್ಯಾಪಾರದಲ್ಲಿ ಮಾಮೂಲು.

ಅಲ್ಲಿಗೆ ಹೋದಾಗ ಮೇಜಿನ ಮೇಲ್ಭಾಗ ಬಿಟ್ಟು ಡ್ರಾಯರ್ ಹತ್ತಿರ ಕೂರಿ. ಒಂದಲ್ಲ, ಎಲ್ಲ ಡ್ರಾಯರ್‌ಗಳನ್ನೂ ಹೊರಗೆ ತೆಗೆದು ಪಕ್ಕಪಕ್ಕ ಇಡಿ. ಮೂಲೆಯ ಡವ್‌ಟೇಲ್ ಹಲ್ಲುಗಳನ್ನು, ಅಂದರೆ ಎರಡು ಹಲಗೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಪಾರಿವಾಳದ ಬಾಲದಂಥ ಹಲ್ಲುಗಳನ್ನು ನೋಡಿ. ಕೈಯಲ್ಲಿ ಕೊಯ್ದಿದ್ದರೆ ಹಲ್ಲು ಒಂದೇ ಅಳತೆಯಲ್ಲಿ ಇರುವುದಿಲ್ಲ, ಬಡಗಿ ಗುರುತು ಹಾಕಿದ ಸಣ್ಣ ಗೀರು ಇನ್ನೂ ಕಾಣಬಹುದು. ಮೆಷಿನ್ನಿನದಾದರೆ ಎಲ್ಲ ಹಲ್ಲೂ ಒಂದೇ ಅಚ್ಚು. 18ನೇ ಶತಮಾನದ ಒಳ್ಳೆಯ ಡೆಸ್ಕಿನಲ್ಲಿ ಡ್ರಾಯರಿನ ಮುಂಭಾಗ ಮಹಾಗನಿ ಇದ್ದರೂ ಪಕ್ಕ ಮತ್ತು ತಳ ಸಾಮಾನ್ಯವಾಗಿ ತೆಳ್ಳಗಿನ ಓಕ್ ಇರುತ್ತದೆ. ಮಹಾಗನಿ ಹಡಗಿನಲ್ಲಿ ಬರುವ ದುಬಾರಿ ಮರ, ಕಾಣದ ಜಾಗಕ್ಕೆ ಅದನ್ನು ಯಾಕೆ ಸುರಿಯುತ್ತಾರೆ? ಹಲಗೆಯ ಮೇಲೆ ಕಮಾನಿನ ಹಾಗೆ ಬಾಗಿದ ಗರಗಸದ ಗೆರೆ ಕಂಡರೆ ಅದು ಚಕ್ರದ ಗರಗಸದ ಗುರುತು, ಅಂದರೆ 19ನೇ ಶತಮಾನ ಅಥವಾ ಆಮೇಲಿನದು.

ಒಂದು ಸ್ಕ್ರೂ ಬಿಚ್ಚಲು ಬಿಟ್ಟರೆ ಅದರ ತುದಿ ನೋಡಿ. 19ನೇ ಶತಮಾನದ ನಡುವಿನವರೆಗೂ ಸ್ಕ್ರೂ ತುದಿ ಮೊಂಡು, ಚೂಪು ತುದಿ ಆಮೇಲೆ ಬಂದದ್ದು. ಆದರೆ ರಿಪೇರಿಗೆ ಹೊಸ ಸ್ಕ್ರೂ ಹಾಕಿರಬಹುದು, ಹಾಗಾಗಿ ಬರೀ ಅದೊಂದನ್ನೇ ನಂಬಬೇಡಿ.

ಕೀಲಿಕೈ
ಮೇಲಿನವರು ಹೇಳಿದ್ದು ಸರಿ. ಹಿಡಿಗಳ ಬಗ್ಗೆ ನಾನು ಸೇರಿಸುತ್ತೇನೆ. ಡ್ರಾಯರಿನ ಒಳಗಿನಿಂದ ನೋಡಿದರೆ ಹಳೆಯ ತೂತು ಮುಚ್ಚಿದ ಗುರುತು ಸಿಗಬಹುದು. ಹಿಡಿ ಬದಲಾಯಿಸುವುದು ತಪ್ಪಲ್ಲ, ಫ್ಯಾಷನ್ ಬದಲಾದಾಗಲೆಲ್ಲ ಬದಲಾಯಿಸಿದ್ದಾರೆ. ಒಳಗೆ ಇರುವ ತೂತು ಹೊರಗೆ ಕಾಣದಿದ್ದರೆ ಮಾತ್ರ ಹುಷಾರು, ಮುಂದೆ ಹೊಸ ವೆನೀರ್ (ಮರದ ತೆಳು ಹಾಳೆ) ಅಂಟಿಸಿರಬಹುದು.

ಬೀಗದ ಮೇಲೆ ಹೆಸರು ಇದ್ದರೆ ಬರೆದುಕೊಳ್ಳಿ. ಬ್ರಾಮಾ ಬೀಗಕ್ಕೆ ಪೇಟೆಂಟ್ ಸಿಕ್ಕಿದ್ದು 1784ರಲ್ಲಿ, ಚಬ್ ಬೀಗಕ್ಕೆ 1818ರಲ್ಲಿ. ಅದಕ್ಕಿಂತ ಹಳೆಯ ಡೆಸ್ಕಿನಲ್ಲಿ ಅವು ಕಂಡರೆ ಆಮೇಲೆ ಹಾಕಿದ್ದು ಅಂತಲೇ ಅರ್ಥ. ಡ್ರಾಯರಿನ ಮೇಲಂಚಿನಲ್ಲಿ "ಗಿಲ್ಲೋಸ್ ಲ್ಯಾಂಕಾಸ್ಟರ್" ಅಂತ ಮುದ್ರೆ ಇದೆಯಾ ಅಂತಲೂ ನೋಡಿ. ಅವರು ಆ ಕಾಲದ ಹೆಸರಾಂತ ಪೀಠೋಪಕರಣ ತಯಾರಕರು, ಇದ್ದರೆ ಅದೃಷ್ಟ.

ಕೀಲಿ ತೂತಿನ ಸುತ್ತ ಬಿಳಿ ಪಟ್ಟಿ ಇದ್ದರೆ ಅದು ಮೂಳೆಯೋ ದಂತವೋ ಅಂತ ಹರಾಜಿನವರನ್ನು ಕೇಳಲೇಬೇಕು. 2022ರ ಜೂನ್ 6ರಿಂದ ಬ್ರಿಟನ್ನಿನಲ್ಲಿ ದಂತದ ವ್ಯಾಪಾರಕ್ಕೆ ಕಟ್ಟುನಿಟ್ಟಿನ ಕಾನೂನು ಇದೆ. 1947ಕ್ಕಿಂತ ಮುಂಚಿನದಾಗಿದ್ದು ದಂತ ಶೇ. 10ಕ್ಕಿಂತ ಕಡಿಮೆ ಇದ್ದರೆ ಮಾರಬಹುದು, ಆದರೆ ನೋಂದಣಿ ಮಾಡಿಸಿರಬೇಕು. ಬರೀ ಮೂಳೆಯಾದರೆ ಈ ತೊಂದರೆ ಇಲ್ಲ.

ದುಡ್ಡಿನ ಲೆಕ್ಕ ಮರೀಬೇಡಿ. ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್, ಅದರ ಮೇಲೆ ವ್ಯಾಟ್. ಕಮಿಷನ್ ಶೇ. 25 ಅಂತ ಇಟ್ಟುಕೊಳ್ಳಿ, 300ಕ್ಕೆ ಕೂಗಿದರೆ 75 ಕಮಿಷನ್, 15 ವ್ಯಾಟ್, ಒಟ್ಟು 390 ಪೌಂಡ್. ಸಾಗಾಟ ಬೇರೆ.

ಹಳೆಮರ
ಇವರಿಬ್ಬರೂ ಹೇಳದ ಒಂದು ಮಾತು. ಪೆಡೆಸ್ಟಲ್ ಡೆಸ್ಕ್ ಸಾಮಾನ್ಯವಾಗಿ ಮೂರು ತುಂಡು: ಮೇಲ್ಭಾಗ ಒಂದು, ಕೆಳಗಿನ ಪೆಟ್ಟಿಗೆ ಎರಡು. ಸಾಗಿಸಲು ಇದು ಅನುಕೂಲ. ಮೋಸಕ್ಕೂ ಇದೇ ಅನುಕೂಲ. ಒಂದು ಡೆಸ್ಕಿನ ಮೇಲ್ಭಾಗ, ಇನ್ನೊಂದರ ಪೆಟ್ಟಿಗೆ ಸೇರಿಸಿ ಮಾರುತ್ತಾರೆ, ಇಂಗ್ಲಿಷ್ ವ್ಯಾಪಾರಿಗಳು ಇದಕ್ಕೆ "ಮದುವೆ" ಅಂತಲೇ ಹೆಸರಿಟ್ಟಿದ್ದಾರೆ. ಮೇಲಿನ ಡ್ರಾಯರ್, ಕೆಳಗಿನ ಡ್ರಾಯರ್ ಎರಡರ ಒಳಗಿನ ಮರ, ಡವ್‌ಟೇಲ್, ಬಣ್ಣ ಹೋಲಿಸಿ ನೋಡಿ.

ಮರದ ಬಗ್ಗೆಯೂ ಸ್ವಲ್ಪ ಹೇಳಬೇಕು ಅನ್ನಿಸುತ್ತದೆ. 1721ರಲ್ಲಿ ಬ್ರಿಟಿಷ್ ಸರ್ಕಾರ ತನ್ನ ಅಮೆರಿಕದ ವಸಾಹತುಗಳಿಂದ ಬರುವ ಮರದ ಮೇಲಿನ ಸುಂಕ ತೆಗೆದುಹಾಕಿತು. ಆಮೇಲೆ ಜಮೈಕಾದಿಂದ, ಹೊಂಡುರಾಸ್ ಕಡೆಯಿಂದ ಮಹಾಗನಿ ಹಡಗುಗಟ್ಟಲೆ ಬಂತು. ಕಾಡಿಗೆ ನುಗ್ಗಿ ಆ ಮರ ಕಡಿದು ಎಳೆದು ತಂದವರು ಗುಲಾಮಗಿರಿಯಲ್ಲಿದ್ದ ಆಫ್ರಿಕನ್ನರು. ಅಷ್ಟು ಅಗಲದ ಹಲಗೆಯ ಮೇಲೆ ಕೈ ಆಡಿಸುವಾಗ ನನಗೆ ಇದು ನೆನಪಾಗದೆ ಇರುವುದಿಲ್ಲ. ಇಂಥ ಮರವನ್ನು ಹಾಳು ಮಾಡದೆ ಇನ್ನೂ ನೂರು ವರ್ಷ ಬಳಸಬೇಕು ಅಂತ ಹೇಳುವುದೂ ಇದಕ್ಕೇ.

ಬರೆವಮೇಜು
ಗುರುವಾರ ಹೋಗಿ ಬಂದೆ! ಒಂದು ಗಂಟೆ ನೆಲದ ಮೇಲೆ ಕೂತು ಒಂಬತ್ತೂ ಡ್ರಾಯರ್ ತೆಗೆದು ಸಾಲಾಗಿ ಇಟ್ಟೆ, ಅಲ್ಲಿನವರು ಏನೂ ಅನ್ನಲಿಲ್ಲ, ಟಾರ್ಚ್ ಕೂಡ ಕೊಟ್ಟರು. ಮೇಲಿನ ಮೂರು ಡ್ರಾಯರಿನ ಒಳಗೆ ಓಕ್, ಡವ್‌ಟೇಲ್ ಸಣ್ಣ, ಒಂದೊಂದು ಒಂದೊಂದು ಥರ. ಕೆಳಗಿನ ಆರರಲ್ಲಿ ಪೈನ್, ಹಲ್ಲುಗಳೆಲ್ಲ ಒಂದೇ ಅಚ್ಚು. ಬಲಗಡೆ ಪೆಟ್ಟಿಗೆಯ ತಳದಲ್ಲಿ ಹುಳದ ತೂತು, ಹೊಟ್ಟು ಉದುರುತ್ತಿಲ್ಲ. "ಮದುವೆ" ಅಲ್ವಾ ಇದು?

ಹಳೆಮರ
ಹೌದು, ಹಾಗೇ ಕಾಣುತ್ತದೆ. ಬರೆಯಲಿಕ್ಕೆ ಇದರಿಂದ ಯಾವ ಕೊರತೆಯೂ ಇಲ್ಲ. ಆದರೆ ಅಂದಾಜು ಬೆಲೆಗೆ ಬೇಡ. ನಿಮ್ಮ ಮಿತಿ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಹುಳದ ಹೊಸ ಹೊಟ್ಟು ತಿಳಿ ಬಣ್ಣದಲ್ಲಿ ಪುಡಿ ಪುಡಿಯಾಗಿ ಬೀಳುತ್ತದೆ, ಅದು ಇಲ್ಲದಿದ್ದರೆ ಬಹುಶಃ ಹಳೆಯ ಕಥೆ.

ಉಳಿಸುತ್ತಿಗೆ
ಸಿಕ್ಕಿದರೆ ರೇಡಿಯೇಟರ್ ಪಕ್ಕ ಮಾತ್ರ ಇಡಬೇಡಿ. ಬಿಸಿಗೆ ಮರ ಒಣಗಿ ಕುಗ್ಗುತ್ತದೆ, ವೆನೀರ್ ಏಳುತ್ತದೆ. ಎದ್ದ ಜಾಗಕ್ಕೆ ಅಂಗಡಿಯ ಬಿಳಿ ಗೋಂದು ಹಾಕದೆ ಸರೇಸು (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಹಳೆಯ ಗೋಂದು) ಬಳಸುವವರಿಗೇ ಕೊಡಿ. ಅದನ್ನು ಬಿಸಿ, ತೇವ ಕೊಟ್ಟು ಮತ್ತೆ ಬಿಡಿಸಬಹುದು. ಸಿಲಿಕಾನ್ ಇರುವ ಸ್ಪ್ರೇ ಬೇಡ, ಜೇನುಮೇಣದ ಪಾಲಿಶ್ ವರ್ಷಕ್ಕೆ ಒಂದೆರಡು ಸಲ ಸಾಕು.

ಬರೆವಮೇಜು
220ಕ್ಕೆ ನಿಲ್ಲಿಸಿದೆ, 340ಕ್ಕೆ ಇನ್ನೊಬ್ಬರಿಗೆ ಹೋಯಿತು. ಬೇಜಾರಾಯಿತು, ಸುಳ್ಳು ಹೇಳಲ್ಲ. ಅದೇ ಜಾಗದಲ್ಲಿ ಮುಂದಿನ ತಿಂಗಳು ಎಡ್ವರ್ಡ್ ಕಾಲದ್ದು ಅಂತ ಒಂದು ರೈಟಿಂಗ್ ಟೇಬಲ್ ಬರುತ್ತಿದೆ, ಎರಡೇ ಡ್ರಾಯರ್, ನಾಲ್ಕು ಕಾಲು. ಡ್ರಾಯರ್ ಒಳಗಿನ ಫೋಟೋ ಕೇಳಿದ್ದೇನೆ, ಬಂದ ತಕ್ಷಣ ಇಲ್ಲಿ ಹಾಕುತ್ತೇನೆ.