ಪದಚರ್ಚೆ: ಕ್ಲಚ್ ‘ಹಿಡಿಯುವುದು’ ಯಾರು, ‘ಬಿಡುವುದು’ ಯಾರು?

ಎಲ್ಲರಿಗೂ ನಮಸ್ಕಾರ.

ನನ್ನ ತಮ್ಮನ ಹತ್ತಿರ ಒಂದು ಹಳೆ ಡೀಸೆಲ್ ಜೀಪಿದೆ. ಮಹೀಂದ್ರ 540, 2.1 ಲೀಟರಿನ ಪ್ಯೂಜೊ ಇಂಜಿನ್ನಿನದು. ಹೊಳಲ್ಕೆರೆ ಹತ್ತಿರದ ಅಡಿಕೆ ತೋಟಕ್ಕೂ ಚಿತ್ರದುರ್ಗದ ಮನೆಗೂ ಅದೇ ಓಡಾಡುತ್ತದೆ. ಹೋದ ತಿಂಗಳು ಅದರ ಕ್ಲಚ್ ಸ್ವಲ್ಪ ಕೆಟ್ಟಿತು. ಪೂರ್ತಿ ಕೆಡಿಸಿದ್ದು ಒಂದು ಕನ್ನಡ ಕ್ರಿಯಾಪದ.

ಗೊಬ್ಬರದ ಚೀಲ ಹೇರಿಕೊಂಡು ಏರು ಹತ್ತುವಾಗ, ಮೂರನೇ ಗೇರಿನಲ್ಲಿ ರೇಸ್ ಕೊಟ್ಟಷ್ಟೂ ಇಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ತೆವಳುತ್ತಿತ್ತು. ತಮ್ಮ ಗ್ಯಾರೇಜಿನ ಹುಡುಗನಿಗೆ, ‘ಕ್ಲಚ್ ಹಿಡೀತಿಲ್ಲ ನೋಡಪ್ಪ’ ಅಂದ. ಹುಡುಗ ಅಡಿಗೆ ನುಗ್ಗಿ ನಟ್ಟು ತಿರುವಿದ. ‘ಟೈಟ್ ಮಾಡೀನಿ ಅಣ್ಣ, ಹೋಗ್ರಿ.’ ಎರಡೇ ದಿನಕ್ಕೆ ಅದೇ ಏರಿನಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿದು, ಚೀಲಗಳನ್ನು ಅಲ್ಲೇ ಇಳಿಸಿ ಬರಬೇಕಾಯಿತು.

ಹುಡುಗ ದಡ್ಡನಲ್ಲ. ತಮ್ಮ ಹೇಳಿದ್ದು ಒಂದು, ಅವನು ಕೇಳಿಸಿಕೊಂಡಿದ್ದು ಇನ್ನೊಂದು. ನಾವು ಡ್ರೈವಿಂಗ್ ಕಲಿಸುವಾಗ ‘ಕ್ಲಚ್ ಹಿಡಿ, ಗೇರ್ ಹಾಕು, ನಿಧಾನಕ್ಕೆ ಬಿಡು’ ಅನ್ನುತ್ತೇವಲ್ಲ, ಅಲ್ಲಿ ಹಿಡಿಯುವುದು ಕಾಲು. ಕಾಲು ಕ್ಲಚ್ ಹಿಡಿದ ಕ್ಷಣಕ್ಕೆ ಒಳಗಿನ ಪ್ಲೇಟು, ಇಂಜಿನ್ನಿನ ಜೊತೆ ತಿರುಗುವ ದಪ್ಪ ಚಕ್ರವನ್ನು, ಅಂದರೆ ಫ್ಲೈವೀಲನ್ನು ಬಿಡುತ್ತದೆ. ಕಾಲು ಬಿಟ್ಟಾಗ ಪ್ಲೇಟು ಹಿಡಿಯುತ್ತದೆ. ಬ್ರೇಕಿನಲ್ಲಿ ಈ ತೊಡಕಿಲ್ಲ: ನಾನು ಹಿಡಿದರೆ ಅದೂ ಹಿಡಿಯುತ್ತದೆ. ಕ್ಲಚ್ಚಿನಲ್ಲಿ ಮಾತ್ರ ಮನುಷ್ಯನ ಹಿಡಿತ, ಯಂತ್ರದ ಹಿಡಿತ ಎರಡೂ ತದ್ವಿರುದ್ಧ. ತಮ್ಮ ಹೇಳಿದ್ದು ಪ್ಲೇಟಿನ ಮಾತು. ಹುಡುಗನ ತಲೆಗೆ ಹೋದದ್ದು ಪೆಡಲಿನ ಮಾತು: ಕಾಲಿಟ್ಟರೂ ಕೆಲಸ ಮಾಡುತ್ತಿಲ್ಲ, ಗೇರು ಕರ್ರನೆ ಕಿರುಚುತ್ತಿದೆ, ಪೆಡಲಿನಿಂದ ಕ್ಲಚ್ಚಿಗೆ ಹೋಗುವ ಲಿಂಕೇಜು ಸಡಿಲವಾಗಿದೆ ಅಂತ. ಅದಕ್ಕಾದರೆ ಬಿಗಿ ಮಾಡುವುದೇ ಸರಿ.

ತಮ್ಮನ ಗಾಡಿಗೆ ಬೇಕಿದ್ದದ್ದು ಅದರ ಉಲ್ಟಾ. ಪೆಡಲ್ ಒತ್ತಿದಾಗ ಮೊದಲು ಸ್ವಲ್ಪ ದೂರ ಸುಮ್ಮನೆ ಇಳಿಯಬೇಕು. ಹಳೆ ಜೀಪುಗಳಲ್ಲಿ ಮುಕ್ಕಾಲಿನಿಂದ ಒಂದಿಂಚು. ಗ್ಯಾರೇಜಿನಲ್ಲಿ ಇದಕ್ಕೆ ‘ಪ್ಲೇ’ ಅನ್ನುತ್ತಾರೆ. (ಗುದ್ದಲಿ ಕಾವು ಸಡಿಲಾದರೆ ‘ಆಡ್ತೈತೆ’ ಅನ್ನುವ ನಮ್ಮ ಜನ ಇದನ್ನೂ ‘ಆಟ’ ಅಂದರೆ ನನಗೇನೂ ತಕರಾರಿಲ್ಲ.) ಪ್ಲೇಟು ಸವೆದಷ್ಟೂ ಈ ಆಟ ಕಮ್ಮಿಯಾಗುತ್ತ ಬರುತ್ತದೆ. ಉಳಿದಿದ್ದ ಚೂರನ್ನೂ ಹುಡುಗ ಬಿಗಿದುಬಿಟ್ಟ. ಆಮೇಲೆ ಕಾಲು ತೆಗೆದರೂ, ಪ್ಲೇಟನ್ನು ಬಿಡಿಸುವ ರಿಲೀಸ್ ಬೇರಿಂಗು, ಪ್ಲೇಟನ್ನು ಅದುಮಿ ಹಿಡಿಯುವ ಪ್ರೆಶರ್ ಪ್ಲೇಟಿನ ಮೇಲೆ ಒರಗಿಕೊಂಡೇ ಇರುತ್ತದೆ, ಅಂದರೆ ಅರ್ಧ ಕ್ಲಚ್ ಹಿಡಿದುಕೊಂಡೇ ಗಾಡಿ ಓಡಿಸಿದ ಹಾಗೆ. ಜಾರದೆ ಇನ್ನೇನು?

ಜಾರು ಅನ್ನುವ ಪದ ಬಂತು, ಅದರ ವಿಚಾರಕ್ಕೇ ಇಷ್ಟೆಲ್ಲ ಬರೆದದ್ದು. ನಮ್ಮ ತಾಲ್ಲೂಕಿನ ಐಟಿಐ ಹುಡುಗರಿಗೆ ಅಂತ ಜೀಪು, ಟ್ರ್ಯಾಕ್ಟರ್ ರಿಪೇರಿಯ ಸಣ್ಣ ಕನ್ನಡ ಕೈಪಿಡಿಯೊಂದನ್ನು ಸಿದ್ಧ ಮಾಡುತ್ತಿದ್ದೇನೆ. ‘ಕ್ಲಚ್ ಸ್ಲಿಪ್’ ಆಗುವುದಕ್ಕೆ ಏನು ಬರೆಯಲಿ? ನಾನು ಮೊದಲು ಬರೆದಿದ್ದು ‘ಘರ್ಷಣ ಫಲಕದ ಸ್ಖಲನ’. ಅದನ್ನು ಓದಿದ ಮೇಸ್ತ್ರಿಯೊಬ್ಬರು ಗಂಟೆಗಟ್ಟಲೆ ನಕ್ಕರು, ಕಾರಣ ಹೇಳಬೇಕಿಲ್ಲ. ಕಿಟೆಲರ ನಿಘಂಟಿನಲ್ಲಿ ಕ್ಲಚ್ ಹುಡುಕಿ ಫಲವಿಲ್ಲ, ಅದು ಅಚ್ಚಾಗಿದ್ದು 1894ರಲ್ಲಿ.

‘ಜಾರು’ ನನಗೆ ಒಪ್ಪಿಗೆ. ದಾವಣಗೆರೆಯ ಹಿಟ್ಟಿನ ಗಿರಣಿಗಳಲ್ಲಿ ‘ಬೆಲ್ಟ್ ಜಾರ್ತೈತಿ’ ಅಂತ ರಾಳದ ಪುಡಿ ಹಾಕುತ್ತಿದ್ದುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಅಲ್ಲೂ ಇದೇ ಕಥೆ: ಒಂದು ತಿರುಗುತ್ತದೆ, ಜೊತೆಗೆ ತಿರುಗಬೇಕಾದ್ದು ಹಿಂದೆ ಬೀಳುತ್ತದೆ. ಒಂದೇ ಅನುಮಾನ, ‘ಕ್ಲಚ್ ಜಾರಿತು’ ಅಂದರೆ ಪೆಡಲಿನಿಂದ ಕಾಲು ಜಾರಿತು ಅಂತಲೂ ಆಗಬಹುದು. ‘ಪ್ಲೇಟ್ ಜಾರುತ್ತಿದೆ’ ಅಂದರೆ ಆ ಗೊಂದಲವಿಲ್ಲ.

‘ಕಚ್ಚು’ ಬೇಡ. ‘ಬ್ರೇಕ್ ಕಚ್ಕೊಂಡೈತೆ’ ಅಂದರೆ ಬಿಡಬೇಕಾದಾಗ ಬಿಡುತ್ತಿಲ್ಲ ಎಂದೇ ಅರ್ಥ, ಕೆಟ್ಟುಹೋದ ಹಿಡಿತ. ‘ಪ್ಲೇಟ್ ಹೋಗೈತೆ’ ಎಂಬುದು ಬಹಳ ಬಳಕೆಯ ಮಾತು, ಆದರೆ ಅದು ರೋಗದ ಹೆಸರಲ್ಲ, ಮರಣಪತ್ರ. ಎಲ್ಲ ಜಾರಿಕೆಗೂ ಪ್ಲೇಟು ಹೋಗಿರಬೇಕಿಲ್ಲ. ಆಟ ಇಲ್ಲದಿದ್ದರೂ ಜಾರುತ್ತದೆ. ಇಂಜಿನ್ನಿನ ಹಿಂದಿನ ಸೀಲೋ ಗೇರ್‌ಬಾಕ್ಸಿನ ಮುಂದಿನ ಸೀಲೋ ಸೋರಿ, ಪ್ಲೇಟಿನ ಮೈಗೆ ಹೊದಿಸಿದ ಲೈನಿಂಗಿಗೆ ಆಯಿಲ್ ಬಡಿದರೂ ಜಾರುತ್ತದೆ. ಆಗ ಸೀಲೂ ಪ್ಲೇಟೂ ಎರಡೂ ಹೊಸದಾಗಬೇಕು, ಪೆಟ್ರೋಲಿನಲ್ಲಿ ಒರೆಸಿ ಹಾಕಿದರೆ ನಾಲ್ಕು ದಿನ ಬರುತ್ತದೆ ಅಷ್ಟೇ. ಡೀಸೆಲ್ ಇಂಜಿನ್ ಕಡಿಮೆ ವೇಗದಲ್ಲೇ ಜೋರಾಗಿ ಎಳೆಯುವುದರಿಂದ, ಭಾರ ಹೇರಿ ದೊಡ್ಡ ಗೇರಿನಲ್ಲಿ ಏರು ಹತ್ತುವಾಗಲೇ ಈ ರೋಗ ಮೊದಲು ಕಾಣುವುದು.

ಕೈಪಿಡಿಯಲ್ಲಿ ಪರೀಕ್ಷೆಯನ್ನು ಹೀಗೆ ಬರೆದಿದ್ದೇನೆ: ‘ಸಮತಟ್ಟಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಂದೆ ಯಾರೂ ಇರಬಾರದು. ಕ್ಲಚ್ ಪೆಡಲ್ ಒತ್ತಿ ಟಾಪ್ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಪೆಡಲಿನಿಂದ ಕಾಲು ತೆಗೆಯುತ್ತ ಬನ್ನಿ. ಇಂಜಿನ್ ಕೂಡಲೇ ನಿಂತರೆ ಪ್ಲೇಟು ಹಿಡಿಯುತ್ತಿದೆ. ನಿಲ್ಲದೆ ತಿರುಗುತ್ತಲೇ ಇದ್ದರೆ ಪ್ಲೇಟು ಜಾರುತ್ತಿದೆ. ಒಮ್ಮೆ ಸಾಕು, ಪದೇಪದೇ ಮಾಡಿದರೆ ಉಳಿದ ಲೈನಿಂಗೂ ಸುಡುತ್ತದೆ.’ ನೋಡಿ, ಇಲ್ಲಿ ಬೇಕೆಂದೇ ‘ಕ್ಲಚ್ ಹಿಡಿ’, ‘ಕ್ಲಚ್ ಬಿಡು’ ಎರಡನ್ನೂ ತಪ್ಪಿಸಿದ್ದೇನೆ. ಕಾಲಿಗೆ ‘ಒತ್ತು, ತೆಗೆ’. ಪ್ಲೇಟಿಗೆ ‘ಹಿಡಿ, ಬಿಡು, ಜಾರು’. ಇಷ್ಟು ಗೆರೆ ಎಳೆದರೆ ಸಾಕೇ, ಇಲ್ಲ ಬಾಯಿಮಾತಿಗೆ ದೂರವಾಯಿತೇ?

ತಮ್ಮನ ಗಾಡಿಯ ಗೇರ್‌ಬಾಕ್ಸ್ ಕೊನೆಗೂ ಇಳಿಸಬೇಕಾಯಿತು. ಲೈನಿಂಗ್ ರಿವಿಟ್‌ವರೆಗೆ ಸವೆದು, ಫ್ಲೈವೀಲಿನ ಮೇಲೆ ಕಾದ ನೀಲಿ ಕಲೆಗಳು ಬಿದ್ದಿದ್ದವು. ಹಾಗಾಗಿ ಹುಡುಗ ಸರಿಯಾಗಿ ಕೇಳಿಸಿಕೊಂಡಿದ್ದರೂ ಪ್ಲೇಟು ಬಹಳ ದಿನ ಬರುತ್ತಿರಲಿಲ್ಲ ಅನ್ನುವುದನ್ನು ನ್ಯಾಯಕ್ಕೆ ಹೇಳಬೇಕು.

ಕಡೂರು, ತರೀಕೆರೆ ಕಡೆಯ ಜೀಪಿನವರು, ಗದಗ, ಹಾವೇರಿಯ ಟ್ರ್ಯಾಕ್ಟರಿನವರು ಇದಕ್ಕೆ ಏನನ್ನುತ್ತಾರೆ? ನಿಮ್ಮೂರಿನ ಮೇಸ್ತ್ರಿಯ ಬಾಯಿಂದ ಬಂದ ಮಾತನ್ನು ಬಂದ ಹಾಗೇ ತಿಳಿಸಿ, ತಿದ್ದಬೇಡಿ.