ಅಮ್ಮನ ಮಣಿಕಟ್ಟು ಮುರಿದಿದೆ: ಪ್ಲಾಸ್ಟರ್ ಸಾಕಾ, ಪ್ಲೇಟ್ ಹಾಕಿಸಬೇಕಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನಿಗೆ 68 ವರ್ಷ, ಶುಗರ್ ಇದೆ. ಬಚ್ಚಲಲ್ಲಿ ಜಾರಿ ಬಲಗೈ ಊರಿ ಬಿದ್ದರು. ಮಣಿಕಟ್ಟಿನ ಹತ್ತಿರ, ಹೆಬ್ಬೆರಳ ಕಡೆಯ ಮೂಳೆ ಮುರಿದಿದೆ. ಚರ್ಮ ಹರಿದಿಲ್ಲ.

ಮೊದಲ ಡಾಕ್ಟರು ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಕೈ ಎಳೆದು ಕೂರಿಸಿ ಪ್ಲಾಸ್ಟರ್ ಹಾಕಿದರು. ಮುಂದಿನ ವಾರದ ಎಕ್ಸ್‌ರೇಯಲ್ಲಿ ಮೂಳೆ ಸ್ವಲ್ಪ ಹಿಂದಕ್ಕೆ ವಾಲಿದೆ. ಅವರು, "ಈ ವಯಸ್ಸಲ್ಲಿ ಇಷ್ಟು ಸೊಟ್ಟ ನಡೆಯುತ್ತೆ, ಒಟ್ಟು ಆರು ವಾರ ಪ್ಲಾಸ್ಟರ್ ಇರಲಿ" ಅಂತಾರೆ. ಇನ್ನೊಬ್ಬರಿಗೆ ತೋರಿಸಿದರೆ, "ಬಿರುಕು ಕೀಲಿನ ಒಳಗೂ ಹೋಗಿದೆ, ಪ್ಲೇಟ್, ಸ್ಕ್ರೂ ಹಾಕೋದೇ ವಾಸಿ. ತಡ ಮಾಡಿದರೆ ಮೂಳೆ ಹೀಗೇ ಕೂಡಿಕೊಳ್ಳುತ್ತೆ, ಆಮೇಲೆ ಕಷ್ಟ" ಅಂದರು. ಇಬ್ಬರೂ ನೋಡಿದ್ದು ಅದೇ ಎಕ್ಸ್‌ರೇ!

ಇದರ ಮಧ್ಯೆ ಚಿಕ್ಕಮ್ಮಂದು ಒಂದೇ ಹಟ, ಪುತ್ತೂರು ಕಟ್ಟು ಹಾಕಿಸಿ ಅಂತ. ಕೀಲಿನ ವಿಷಯ, ನನಗೆ ಧೈರ್ಯ ಇಲ್ಲ.

ವಯಸ್ಸಾದವರಲ್ಲಿ ಪ್ಲಾಸ್ಟರ್ ಆದರೂ ಆಪರೇಷನ್ ಆದರೂ ವರ್ಷದ ಹೊತ್ತಿಗೆ ಕೈಯ ಕೆಲಸದಲ್ಲಿ ಅಂಥ ವ್ಯತ್ಯಾಸ ಇರಲ್ಲ ಅಂತ ಓದಿದೆ. ಆದರೆ ಅದು ಕೀಲಿನೊಳಗೆ ಬಿರುಕು ಬಿಟ್ಟವರಿಗೂ ಅನ್ವಯಿಸುತ್ತಾ? ನಾನು ಸಿಕ್ಕಿಕೊಂಡಿರೋದು ಇಲ್ಲೇ. ಅಮ್ಮನಿಗೆ ಬೇಕಿರೋದು ಸುಮ್ನೆ ಚಪಾತಿ ಲಟ್ಟಿಸೋಕೆ, ಜಡೆ ಹಾಕಿಕೊಳ್ಳೋಕೆ ಆಗುವಷ್ಟು ಕೈ. ಶುಗರ್ ಇರೋದರಿಂದ ಆಪರೇಷನ್ ಗಾಯದ ಭಯ ಬೇರೆ. ಬೆರಳು ಊದಿವೆ, ಆದರೂ ಆಡಿಸುತ್ತಿದ್ದಾರೆ.

ಗುಂಪಿನಲ್ಲಿ ಮೂಳೆ ಡಾಕ್ಟರು, ಫಿಸಿಯೋ ಇದ್ದರೆ ದಯವಿಟ್ಟು ಹೇಳಿ: ಪ್ಲಾಸ್ಟರಾ, ಪ್ಲೇಟಾ ಅಂತ ತೀರ್ಮಾನಿಸೋಕೆ ಎಕ್ಸ್‌ರೇಯಲ್ಲಿ ಏನು ನೋಡ್ತೀರಿ? ನಮ್ಮ ಡಾಕ್ಟರ ಹತ್ತಿರ ಸಿಟಿ ಸ್ಕ್ಯಾನ್ ಕೇಳಬೇಕಾ?