ಅಜ್ಜನ ಲೆನ್ಸ್ ಯಾರ ಮನೆಯಲ್ಲಿದೆ?

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಶುರು ಮಾಡಿದವರು ಹಾವೇರಿ ಮಾಮಾ. ಅವರ ಬ್ಯಾಡಗಿ ಮೆಣಸಿನ ಗಿಡಕ್ಕೆ ಥ್ರಿಪ್ಸ್ ನುಸಿ ಹತ್ತಿದೆ. ಒಂದು ಮಿಲಿಮೀಟರಿನ ಹುಳ, ಮೊಬೈಲ್‌ನಲ್ಲಿ ತೆಗೆದರೆ ಬರೀ ಚುಕ್ಕೆ. ಅದಕ್ಕೇ, ಸಣ್ಣದನ್ನು ದೊಡ್ಡದಾಗಿ ತೆಗೆಯುವ ಮ್ಯಾಕ್ರೋ ಲೆನ್ಸ್ ಬಗೆಗಿನ ಈ ಫಾರ್ವರ್ಡ್ ಅವರಿಗೆ ಹಿಡಿಸಿರಬೇಕು.

ಹಾವೇರಿ ಮಾಮಾ: "ಮ್ಯಾಕ್ರೋ ಲೆನ್ಸಿಗೆ ದುಡ್ಡು ಸುರಿಯಬೇಡಿ!! ಹಳೇ ಬೆಲೋಸ್, ಯಾವುದಾದರೂ ಹಳೇ ಲೆನ್ಸ್, ಅದೇ ಫೋಟೋ ಬರುತ್ತದೆ. ಕಂಪನಿಗಳು ಇದನ್ನು ಮುಚ್ಚಿಡುತ್ತವೆ. 10 ಜನರಿಗೆ ಕಳಿಸಿ."

ದೊಡ್ಡಕಾಕಾ: ನಾನು ಮೊದಲಿಂದ ಹೇಳುತ್ತಲೇ ಇದ್ದೇನೆ. ಈಗಿನವರಿಗೆ ಎಲ್ಲಾ ಹೊಸದೇ ಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. 🙏

ಗದಗಿನ ಅಕ್ಕ: ಕಾಕಾ, ಒಂದು ನಿಮಿಷ. ಇದನ್ನು ಬರೆದವರು ಯಾರು? "ಯಾವುದಾದರೂ" ಲೆನ್ಸ್ ನಡೆಯಲ್ಲ. ಹಳೇ ಬೆಲೋಸ್ ಹಾಕಿದರೆ, ಅಂದರೆ ಮಧ್ಯೆ ಆ ಹಿಗ್ಗುವ ನೆರಿಗೆ ಕೊಳವೆ ಬಂದರೆ, ಕ್ಯಾಮೆರಾಕ್ಕೂ ಲೆನ್ಸಿಗೂ ಮಾತು ಬಂದ್. ಬೆಳಕಿನ ಕಿಂಡಿಯನ್ನು ಹಿರಿದು ಕಿರಿದು ಮಾಡುವ ಅಪರ್ಚರ್ ರಿಂಗ್ ಲೆನ್ಸಿನ ಮೇಲೇ ಇರಬೇಕು.

(ಅಕ್ಕ ಪಿಯು ಫಿಸಿಕ್ಸ್ ಟೀಚರ್. ಮದುವೆ ಪತ್ರಿಕೆಗೂ ಆಧಾರ ಕೇಳುವವಳು.)

ತಮ್ಮ: ಬೆಲೋಸ್ ಅಂದ್ರೆ ತಿದಿ ಅಲ್ವಾ? ಅಜ್ಜನ ಹಾರ್ಮೋನಿಯಂ ನೆನಪಾಯ್ತು. ಭಜನೆ ಮಧ್ಯೆ ಪುಸ್ ಅಂತಿತ್ತು 😂

ಅತ್ತಿ: ಆ ತೂತಿಗೆ ಅವ್ವ ತನ್ನ ಇಳಕಲ್ ಸೀರೆಯ ತುಂಡು ಅಂಟಿಸಿದ್ದಳು. ಸಾಧನಕೇರಿ ಮನೆಯ ಆ ಪಡಸಾಲೆ...

ಗದಗಿನ ಅಕ್ಕ: ಇದಕ್ಕೂ ತೂತು ನೋಡಬೇಕು ಅತ್ತಿ. ಕತ್ತಲೆ ಕೋಣೆಯಲ್ಲಿ ಬೆಲೋಸ್ ಪೂರ್ತಿ ಎಳೆದು ಒಳಗೆ ಟಾರ್ಚ್ ಹಚ್ಚಿ. ನೆರಿಗೆಯ ಮೂಲೆಯಲ್ಲಿ ಚಿಕ್ಕೆ ಮಿನುಗಿದರೆ ವಾಪಸ್ ಕೊಡಿ.

ಇಲ್ಲಿ ನಾನು ಬಾಯಿ ಹಾಕಿದೆ, ತಪ್ಪು ನನ್ನದೇ.

ನಾನು: ಅಗ್ಗಕ್ಕೆ ಬೇಕಾದರೆ ಫಿಲ್ಮಿನಿಂದ ದೊಡ್ಡ ಪ್ರಿಂಟ್ ತೆಗೆಯುವ ಯಂತ್ರದ ಲೆನ್ಸ್, ಅಂದರೆ 50 ಎಂಎಂ ಎನ್‌ಲಾರ್ಜರ್ ಲೆನ್ಸ್ ನೋಡಿ. ಹತ್ತಿರದ್ದನ್ನು ಅಂಚಿನವರೆಗೂ ಚೂಪಾಗಿ ತೋರಿಸುತ್ತದೆ, ರಿಂಗೂ ಇರುತ್ತದೆ. ಲೆನ್ಸಿನಿಂದ ಕ್ಯಾಮೆರಾದೊಳಗಿನ ಸೆನ್ಸರಿಗೆ ಸುಮಾರು 150 ಎಂಎಂ ದೂರ ಮಾಡಿದರೆ ಅಲ್ಲಿ ಬೀಳುವ ಬಿಂಬ ಹುಳಕ್ಕಿಂತ 2 ಪಟ್ಟು ದೊಡ್ಡದು. ಆದರೆ ಬೆಳಕು ಒಂಬತ್ತರಲ್ಲಿ ಒಂದು ಪಾಲಷ್ಟೇ ಉಳಿಯುತ್ತದೆ. ಫ್ಲ್ಯಾಶ್ ಬೇಕೇ ಬೇಕು.

ಸಣ್ಣಕಾಕಾ: ಎನ್‌ಲಾರ್ಜರ್ ಅಂದ ಮೇಲೆ ಕೇಳುತ್ತೇನೆ. ಅಪ್ಪನ ಸ್ಟುಡಿಯೋದ ಎನ್‌ಲಾರ್ಜರನ್ನು ಗುಜರಿಗೆ ಹಾಕಿದವರು ಯಾರು ಅಣ್ಣಾ?

ದೊಡ್ಡಕಾಕಾ: ಪಾಲಾದಾಗ ಅದು ಯಾರಿಗೂ ಬೇಡವಾಗಿತ್ತು. ನೀನು ಸಾಗವಾನಿ ಕಪಾಟು ಹೊತ್ತುಕೊಂಡು ಹೋದೆ.

ಸಣ್ಣಕಾಕಾ: ಅದಕ್ಕೆ ಬಾಗಿಲೇ ಇರಲಿಲ್ಲ!

ದೊಡ್ಡಕಾಕಾ: ಬಾಗಿಲು ನಿನ್ನ ಹೆಂಡತಿಯ ತವರಿನಲ್ಲಿದೆ.

ಹತ್ತು ನಿಮಿಷ ಗುಂಪು ಗಪ್‌ಚಿಪ್. ಅತ್ತಿ ದಾಸವಾಳದ ಫೋಟೋ ಹಾಕಿದಳು. ಮ್ಯಾಕ್ರೋ ಅಲ್ಲ.

ಗದಗಿನ ಅಕ್ಕ: ಮಾಮಾ, ಹುಳ ಯಾವುದು ಅಂತ ತಿಳಿಯಲು ಕ್ಯಾಮೆರಾನೇ ಬೇಡ. ಮೆಣಸಿನ ಹೂವನ್ನು ಬಿಳಿ ಹಾಳೆಯ ಮೇಲೆ ಕುಟ್ಟಿ, 10 ಪಟ್ಟಿನ ಭೂತಗನ್ನಡಿ ಹಿಡಿಯಿರಿ.

ಇಡೀ ದಿನದಲ್ಲಿ ಕೆಲಸಕ್ಕೆ ಬರುವ ಮಾತು ಇದೊಂದೇ. ಯಾರೂ ಉತ್ತರ ಕೊಡಲಿಲ್ಲ.

ದೊಡ್ಡಕಾಕಾ: ಇನ್ನೊಂದು ಹೇಳುತ್ತೇನೆ. ಗುಜರಿಗೆ ಹೋದದ್ದು ಬರೀ ಕಬ್ಬಿಣ. ಲೆನ್ಸ್ ತಿರುವಿ ತೆಗೆದು ಹಾವೇರಿಯವರ ಕೈಗೆ ಕೊಟ್ಟಿದ್ದೆ.

ಸಣ್ಣಕಾಕಾ: ಹೌದಾ ಮಾಮಾ?

ಹಾವೇರಿ ಮಾಮಾ: 🚫 ಈ ಸಂದೇಶವನ್ನು ಅಳಿಸಲಾಗಿದೆ

ಅತ್ತಿ: ಅವರು ತೋಟಕ್ಕೆ ಹೋಗಿದ್ದಾರೆ.